ಮುಟ್ಟಿ ನೋಡುವ ಮನೆಗೆ ಹೋಗುವ ಮುನ್ನ

ಡಿಸೆಂಬರ್ ತಿಂಗಳ ಯಾವುದಾದರೂ ಒಂದು ಬೆಳಿಗ್ಗೆ ಬೆಂಗಳೂರಿನ ಕಸ್ತೂರಬಾ ರಸ್ತೆಗೆ ಬನ್ನಿ. ‘ಪ್ರಾಸಂಗಿಕ ಕರಾರು’ ಎಂಬ ಫಲಕ ಹೊತ್ತ ಕೆಂಪು ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ರಾತ್ರಿಯೆಲ್ಲ ಅಂತ್ಯಾಕ್ಷರಿ ಹಾಡಿ ಗಂಟಲು ಕಟ್ಟಿಸಿಕೊಂಡ ಮಕ್ಕಳು, ತಲೆ ಎಣಿಸಿ ಎಣಿಸಿ ಸುಸ್ತಾದ ಮೇಷ್ಟ್ರು, ಟೀಚರ್ ಕೈಯಲ್ಲಿ ವಾಂತಿ ಮಾತ್ರೆ ಮತ್ತು ನಿಂಬೆಹಣ್ಣಿನ ಚೀಲ. ವಿಧಾನಸೌಧದ ಮುಂದೆ ಫೋಟೊ ಆಗಿದೆ, ಮಧ್ಯಾಹ್ನಕ್ಕೆ ಬನ್ನೇರುಘಟ್ಟ ಕಾದಿದೆ. ನಡುವೆ ಉಳಿದಿರುವುದು ಒಂದೇ ಗಂಟೆ. ಅಷ್ಟರಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಎಲ್ಲ ಮಹಡಿಗಳನ್ನೂ ಹತ್ತಿ ಇಳಿದು ಮುಗಿಸಬೇಕು.

ನಾನೂ ಹಾಗೆ ಹತ್ತಿ ಇಳಿದವಳೇ, ಆರನೇ ಕ್ಲಾಸಿನಲ್ಲಿ. ಊರಿಗೆ ಮರಳಿದ ಮೇಲೆ ಪ್ರಬಂಧ ಬರೆಯಬೇಕೆಂದು ಮೊದಲೇ ಹೇಳಿದ್ದರು. ಹಾಗಾಗಿ ಒಂದು ಕೈಯಲ್ಲಿ ನೋಟ್‌ಬುಕ್ಕು, ಇನ್ನೊಂದರಲ್ಲಿ ಪೆನ್ನು ಹಿಡಿದು ಗೋಡೆಯ ಫಲಕಗಳನ್ನೆಲ್ಲ ನಕಲು ಮಾಡುತ್ತ ನಡೆದೆ. ಎರಡೂ ಕೈ ತುಂಬಿದ್ದರಿಂದ ಏನನ್ನೂ ಮುಟ್ಟಲಿಲ್ಲ. ಒಂದು ಕಡೆ ಪೆನ್ನು ಕೈಕೊಟ್ಟಿತು. ಬೇಸರದಿಂದ ಎದುರಿಗಿದ್ದ ಎರಡು ಲೋಹದ ತಟ್ಟೆಗಳ ಮೇಲೆ ಅಂಗೈ ಊರಿದೆ. ಗಾಜಿನ ಹಿಂದಿದ್ದ ಮುಳ್ಳು ಸರಕ್ಕನೆ ಬಲಕ್ಕೆ ವಾಲಿತು. ಕೈ ತೆಗೆದರೆ ವಾಪಸ್ಸು. ಮತ್ತೆ ಇಟ್ಟೆ. ‘ಏಯ್, ಸಾಲು ಬಿಡಬೇಡ’ ಎಂಬ ಕೂಗು ಬಂತು. ಪ್ರಬಂಧಕ್ಕೆ ಹತ್ತಕ್ಕೆ ಎಂಟು ಬಂತು. ಅದರಲ್ಲಿ ಬರೆದದ್ದು ಒಂದಕ್ಷರವೂ ಇಂದು ನೆನಪಿಲ್ಲ, ಮುಳ್ಳು ವಾಲಿದ್ದು ನೆನಪಿದೆ.

ಆಮೇಲೆ ಹಲವು ಸಲ ಅಲ್ಲಿಗೆ ಹೋಗಿದ್ದೇನೆ, ಹೆಚ್ಚಾಗಿ ಅಕ್ಕನ ಮಗಳನ್ನು ಕರೆದುಕೊಂಡು. ಹೋಗುತ್ತ ಹೋಗುತ್ತ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ತಿರುಳು ಇಷ್ಟೇ: ಕಡಿಮೆ ನೋಡಿ, ಒಂದೊಂದರ ಮುಂದೆ ಬಹಳ ಹೊತ್ತು ನಿಲ್ಲಿ, ದೊಡ್ಡವರು ಬಾಯಿ ಮುಚ್ಚಿಕೊಂಡಿರಿ. ಮೂರನೆಯದೇ ಕಷ್ಟ.

ಈ ಮನೆ ಕಟ್ಟಿದ್ದು ಯಾಕೆ

ಈ ಕಟ್ಟಡವನ್ನು ಜವಾಹರಲಾಲ್ ನೆಹರು ಉದ್ಘಾಟಿಸಿದ್ದು 1962ರ ಜುಲೈ 14ರಂದು. ಸರ್ ಎಂ. ವಿಶ್ವೇಶ್ವರಯ್ಯನವರ ಶತಮಾನೋತ್ಸವದ ನೆನಪಿಗೆ ಎದ್ದ ಕಟ್ಟಡ ಅದು. ನೂರು ದಾಟಿದ್ದ ಅವರು ಅದೇ ವರ್ಷ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು. ವಿದ್ಯುತ್ತಿಗೆ ಮೀಸಲಾದ ಮೊದಲ ಗ್ಯಾಲರಿ ಜನರಿಗೆ ತೆರೆದದ್ದು 1965ರ ಜುಲೈನಲ್ಲಿ. ಈ ಸಾಲಿನ ಮೊದಲ ಸಂಗ್ರಹಾಲಯ 1959ರಲ್ಲಿ ಕೋಲ್ಕತ್ತದಲ್ಲಿ, ಬಿರ್ಲಾ ಕುಟುಂಬ ಕೊಟ್ಟ ಮನೆಯಲ್ಲಿ ಶುರುವಾಗಿತ್ತು. ನಮ್ಮದು ಎರಡನೆಯದು. ಆಗ ಎರಡೂ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ (ಸಿ.ಎಸ್.ಐ.ಆರ್.) ಕೈಕೆಳಗಿದ್ದವು. 1978ರಲ್ಲಿ ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯ ಮಂಡಳಿ ಹುಟ್ಟಿದ ಮೇಲೆ ಅದರ ಆಡಳಿತಕ್ಕೆ ಬಂದವು.

1962ರಲ್ಲೇ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ವಾರಕ್ಕೊಂದು ಉಪನ್ಯಾಸ, ಯಾರು ಬೇಕಾದರೂ ಬಂದು ಕೂರಬಹುದು. ಒಂದೇ ಊರು, ಒಂದೇ ವರ್ಷ. ಅಲ್ಲಿ ವಿಜ್ಞಾನ ಕಿವಿಯಿಂದ ಒಳಗೆ ಹೋದರೆ ಇಲ್ಲಿ ಅಂಗೈಯಿಂದ.

ಮುಟ್ಟಿ ಕಲಿಯುವ ಸಂಗ್ರಹಾಲಯಕ್ಕೆ ಜಗತ್ತಿನಲ್ಲಿ ಎರಡು ತವರುಮನೆಗಳು. ಒಂದು ಜರ್ಮನಿಯ ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ. ಆಸ್ಕರ್ ಫಾನ್ ಮಿಲ್ಲರ್ ಎಂಬ ಎಂಜಿನಿಯರ್ 1903ರಲ್ಲಿ ಸ್ಥಾಪಿಸಿದ್ದು. ಯಂತ್ರದ ಹೊಟ್ಟೆ ಸೀಳಿ ಒಳಗಿನ ಚಲನೆ ತೋರಿಸುವ, ನೋಡುಗನೇ ಹಿಡಿಕೆ ತಿರುಗಿಸುವ ಪದ್ಧತಿ ಬೇರುಬಿಟ್ಟಿದ್ದು ಅಲ್ಲಿ. ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೊದ ಎಕ್ಸ್‌ಪ್ಲೊರಟೋರಿಯಂ. 1969ರಲ್ಲಿ ಅದನ್ನು ತೆರೆದ ಫ್ರಾಂಕ್ ಆಪನ್‌ಹೈಮರ್, ಅಣುಬಾಂಬಿನ ರಾಬರ್ಟ್ ಆಪನ್‌ಹೈಮರನ ತಮ್ಮ. ಅಣ್ಣನ ಜೊತೆ ಆ ಯೋಜನೆಯಲ್ಲಿ ತಾನೂ ದುಡಿದವನು. ಹಿಂದೊಮ್ಮೆ ಕಮ್ಯುನಿಸ್ಟ್ ಪಕ್ಷದ ಸದಸ್ಯನಾಗಿದ್ದ ಎಂಬ ಕಾರಣಕ್ಕೆ 1949ರಲ್ಲಿ ವಿಶ್ವವಿದ್ಯಾಲಯದ ಕೆಲಸ ಹೋಯಿತು. ಕೊಲೊರಾಡೊದ ಬೆಟ್ಟದ ಸೀಮೆಯಲ್ಲಿ ವರ್ಷಗಟ್ಟಲೆ ದನ ಸಾಕಿದ. ಆಮೇಲೆ ಅಲ್ಲಿನ ಒಂದು ಸಣ್ಣ ಊರಿನ ಹೈಸ್ಕೂಲಿನಲ್ಲಿ ಮೇಷ್ಟ್ರಾದ. ಪಾಠ ಹೇಳಿ ಪರೀಕ್ಷೆ ಮಾಡುವುದಕ್ಕಿಂತ, ಒಂದು ವಸ್ತು ಕೈಗೆ ಕೊಟ್ಟು ಸುಮ್ಮನಿದ್ದರೆ ಮಕ್ಕಳು ಎಷ್ಟು ದೂರ ಹೋಗುತ್ತಾರೆ ಎಂಬುದನ್ನು ಅವನು ಕಂಡದ್ದು ಆ ತರಗತಿಗಳಲ್ಲಿ. ಮುಂದೆ ತನ್ನ ಸಂಗ್ರಹಾಲಯದ ಮಾದರಿಗಳನ್ನು ಯಾರು ಬೇಕಾದರೂ ಮಾಡಿಕೊಳ್ಳಲೆಂದು, ಅಡುಗೆ ಪುಸ್ತಕ ಎಂದೇ ಹೆಸರಿಟ್ಟು, ಅವುಗಳ ತಯಾರಿಕೆಯ ವಿವರವನ್ನು ಅವನ ಸಂಸ್ಥೆ ಅಚ್ಚು ಹಾಕಿಸಿತು. ಜಗತ್ತಿನ ನೂರಾರು ಊರುಗಳ ವಿಜ್ಞಾನ ಕೇಂದ್ರಗಳಲ್ಲಿ ಒಂದೇ ಬಗೆಯ ಆಟಗಳು ಕಾಣುವುದರ ಹಿಂದೆ ಈ ಧಾರಾಳತನವೂ ಇದೆ.

ಹೊರಡುವ ಮೊದಲು

ಸಂಗ್ರಹಾಲಯ ಬೆಳಿಗ್ಗೆ 9.30ಕ್ಕೆ ಬಾಗಿಲು ತೆರೆದು ಸಂಜೆ 6ಕ್ಕೆ ಮುಚ್ಚುತ್ತದೆ. ಭಾನುವಾರವೂ ಇರುತ್ತದೆ. ಗಣೇಶ ಚತುರ್ಥಿಗೂ ದೀಪಾವಳಿಗೂ ರಜೆ. ಟಿಕೆಟ್ ದರ ಆಗಾಗ ಬದಲಾಗುತ್ತದೆ, ಶಾಲಾ ತಂಡಗಳಿಗೆ ರಿಯಾಯಿತಿ ಉಂಟು, ಹೊರಡುವ ಮುನ್ನ ಒಮ್ಮೆ ವಿಚಾರಿಸಿಕೊಳ್ಳಿ. ಮೆಟ್ರೊದಲ್ಲಿ ಬರುವವರು ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ನಡೆದು ಬರಬಹುದು. ಕಾರು ತರಲೇಬೇಡಿ, ಆ ರಸ್ತೆಯಲ್ಲಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಮಗುವಿನ ಉತ್ಸಾಹ ಕರಗುತ್ತದೆ.

ಡಿಸೆಂಬರ್, ಜನವರಿ ಮತ್ತು ಬೇಸಿಗೆ ರಜೆಯ ಶನಿವಾರ-ಭಾನುವಾರ ಬಿಟ್ಟು ಬೇರೆ ದಿನ ಆರಿಸಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ವಾರದ ದಿನಗಳಲ್ಲಿ, ಜಿಟಿಜಿಟಿ ಮಳೆ ಇದ್ದರಂತೂ, ಒಂದೊಂದು ಮಾದರಿಯೂ ನಿಮ್ಮದೇ ಎನ್ನುವಷ್ಟು ನಿರಾಳ. ಗುಂಪುಗಳು ಯಾವಾಗಲೂ ಕೆಳಮಹಡಿಯಿಂದ ಶುರುಮಾಡುತ್ತವೆ. ನೀವು ಸೀದಾ ಮೇಲಕ್ಕೆ ಹೋಗಿ, ಇಳಿಯುತ್ತ ಬನ್ನಿ. ತ್ರೀಡಿ ಚಿತ್ರ, ತಾರಾಮಂಡಲ, ಆರು ಅಡಿ ವ್ಯಾಸದ ದೊಡ್ಡ ಗೋಳದ ಮೇಲೆ ಭೂಮಿಯ ಮೋಡ-ಗಾಳಿ-ಸಾಗರಗಳನ್ನು ಮೂಡಿಸುವ ಪ್ರದರ್ಶನ, ಇವಕ್ಕೆಲ್ಲ ಗೊತ್ತಾದ ಹೊತ್ತಿದೆ. ಟಿಕೆಟ್ ಕೊಳ್ಳುವಾಗಲೇ ಕೇಳಿಕೊಂಡು, ಒಂದನ್ನು ಮಾತ್ರ ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ ಆ ಗೋಳ. ಮುಂಗಾರು ಮೋಡ ಅರಬ್ಬಿ ಸಮುದ್ರದಿಂದ ಎದ್ದು ಘಟ್ಟಕ್ಕೆ ಬಂದು ಬಡಿಯುವುದನ್ನು ಇಡೀ ಭೂಮಿಯ ಲೆಕ್ಕದಲ್ಲಿ ನೋಡುವುದು ಬೇರೆಯೇ ಅನುಭವ. ತ್ರೀಡಿ ಚಿತ್ರ ಊರಿನ ಮಾಲ್‌ನಲ್ಲೂ ಸಿಗುತ್ತದೆ.

ಕ್ಯಾಂಟೀನ್ ಒಳಗೇ ಇದೆ. ಮಕ್ಕಳ ಹೊಟ್ಟೆ ತುಂಬಿಸಿಕೊಂಡೇ ಒಳಗೆ ಹೋಗಿ. ಹಸಿದ ಮಗುವಿಗೆ ನ್ಯೂಟನ್ ಬೇಡ.

ತೆಗೆದುಕೊಂಡು ಹೋಗಬೇಕಾದ ವಸ್ತು ಒಂದೇ ಒಂದು: ಜೇಬಿನಲ್ಲಿ ಹಿಡಿಸುವ ಪುಟ್ಟ ಪುಸ್ತಕ. ಅದರಲ್ಲಿ ಪ್ರಶ್ನೆಗಳನ್ನು ಮಾತ್ರ ಬರೆಯಬೇಕು, ಅದೂ ಕೈ ಬಿಡುವಾದಾಗ.

ಒಳಗೆ

ಮೊದಲು ಒಂದು ಎಚ್ಚರಿಕೆ. ಗುಂಡಿ ಒತ್ತುವುದಕ್ಕೂ ಕೈಯಾರೆ ಮಾಡುವುದಕ್ಕೂ ಅಜಗಜಾಂತರ. ಮಕ್ಕಳನ್ನು ಬಿಟ್ಟ ಕೂಡಲೇ ಅವರು ಓಡಿಕೊಂಡು ಎಲ್ಲ ಗುಂಡಿಗಳನ್ನೂ ಒತ್ತುತ್ತ ಹೋಗುತ್ತಾರೆ. ದೀಪ ಹತ್ತಿತೋ, ಚಕ್ರ ತಿರುಗಿತೋ, ಸರಿ, ಮುಂದಿನದಕ್ಕೆ. ಅದನ್ನು ತಡೆಯಬೇಡಿ, ಹದಿನೈದು ನಿಮಿಷದಲ್ಲಿ ಹುರುಪು ತಾನೇ ಇಳಿಯುತ್ತದೆ. ಆಮೇಲೆ, ‘ಇಷ್ಟರಲ್ಲಿ ಯಾವುದು ನಿನಗೆ ಸುಳ್ಳು ಅನ್ನಿಸಿತು?’ ಎಂದು ಕೇಳಿ. ಅಲ್ಲಿಗೆ ವಾಪಸ್ಸು ಹೋಗಿ ನಿಲ್ಲಿ. ‘ಯಾವುದು ಚೆನ್ನಾಗಿತ್ತು’ ಎಂದು ಕೇಳಿದರೆ ಡೈನೊಸಾರ್ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಮುಟ್ಟುವ ಮೊದಲು ಊಹೆ ಹೇಳಿಸಿ. ‘ಏನಾಗಬಹುದು?’ ಎಂಬುದಕ್ಕೆ ಮಗು ಬಾಯಿಬಿಟ್ಟು ಉತ್ತರ ಹೇಳಿರಬೇಕು. ಊಹೆ ತಪ್ಪಾದಾಗ ಹುಬ್ಬು ಏರುತ್ತದಲ್ಲ, ನಾವು ಟಿಕೆಟ್ ಕೊಟ್ಟದ್ದು ಅದಕ್ಕೇ.

ನನ್ನ ಹಳೆಯ ಗೆಳೆಯ, ಕೈ ಬ್ಯಾಟರಿಯನ್ನೇ ತೆಗೆದುಕೊಳ್ಳಿ. ಒಂದು ತಾಮ್ರದ ತಟ್ಟೆ, ಒಂದು ಅಲ್ಯೂಮಿನಿಯಂ ತಟ್ಟೆ, ನಡುವೆ ಕರೆಂಟು ಅಳೆಯುವ ಮುಳ್ಳು. ಎರಡರ ಮೇಲೂ ಅಂಗೈ ಇಟ್ಟರೆ ಮುಳ್ಳು ಅಲುಗುತ್ತದೆ. ‘ನಮ್ಮ ಮೈಯಲ್ಲಿ ಕರೆಂಟಿದೆ’ ಎಂದು ಅಪ್ಪಂದಿರು ಥಟ್ಟನೆ ಹೇಳಿಬಿಡುತ್ತಾರೆ. ಅದೇ ತಪ್ಪು ಉತ್ತರ. ಕೈ ಒರೆಸಿಕೊಂಡು ಇಡಿಸಿ, ಮುಳ್ಳು ಸೋಮಾರಿಯಾಗುತ್ತದೆ. ಒದ್ದೆ ಕೈ ಇಡಿಸಿ, ಚುರುಕಾಗುತ್ತದೆ. ತಾಮ್ರದ ಜೋಡಿಯೂ ಅಲ್ಲಿದ್ದರೆ ಎರಡು ಕೈಯನ್ನೂ ತಾಮ್ರದ ಮೇಲೇ ಇಡಿಸಿ, ಮುಳ್ಳು ಹೆಚ್ಚುಕಡಿಮೆ ಮಲಗಿಬಿಡುತ್ತದೆ. ಮೈಯಲ್ಲೇ ಕರೆಂಟಿದ್ದರೆ ಲೋಹ ಬದಲಾದ ಮಾತ್ರಕ್ಕೆ ಯಾಕೆ ನಿಲ್ಲಬೇಕು? ಇಟಲಿಯ ಗ್ಯಾಲ್ವಾನಿಗೂ ವೋಲ್ಟಾನಿಗೂ ನಡೆದ ಜಗಳ ಇದೇ. ಸತ್ತ ಕಪ್ಪೆಯ ಕಾಲು ಲೋಹ ತಗುಲಿ ಜಿಗಿದಾಗ, ಪ್ರಾಣಿಯ ಮೈಯಲ್ಲೇ ವಿದ್ಯುತ್ತಿದೆ ಎಂದು ಗ್ಯಾಲ್ವಾನಿ 1791ರಲ್ಲಿ ಬರೆದ. ಇಲ್ಲ, ಎರಡು ಬೇರೆ ಬೇರೆ ಲೋಹಗಳ ನಡುವೆ ಒದ್ದೆ ಇದ್ದರೆ ಸಾಕು ಎಂದು ವೋಲ್ಟಾ ಹಟ ಹಿಡಿದ. ಕಪ್ಪೆಯನ್ನು ಬಿಟ್ಟು ಉಪ್ಪುನೀರಿನಲ್ಲಿ ನೆನೆಸಿದ ಬಿಲ್ಲೆಗಳನ್ನು ಲೋಹದ ಬಿಲ್ಲೆಗಳ ನಡುವೆ ಪೇರಿಸಿ, 1800ರಲ್ಲಿ ಜಗತ್ತಿನ ಮೊದಲ ಬ್ಯಾಟರಿ ಮಾಡಿ ತೋರಿಸಿದ. ನರಗಳಲ್ಲಿ ವಿದ್ಯುತ್ ಹರಿಯುವುದು ನಿಜವೇ, ಆ ಮಟ್ಟಿಗೆ ಗ್ಯಾಲ್ವಾನಿಯೂ ಗೆದ್ದ. ಆದರೆ ಇಲ್ಲಿ ಮುಳ್ಳನ್ನು ತಳ್ಳುವುದು ಲೋಹಗಳ ಜೋಡಿ. ನಮ್ಮ ಅಂಗೈಯ ಬೆವರಿನ ಉಪ್ಪು ಅದಕ್ಕೆ ಸೇತುವೆ. ಹನ್ನೊಂದು ವರ್ಷದ ಮಗು ಹತ್ತು ನಿಮಿಷದಲ್ಲಿ ಈ ಜಗಳವನ್ನು ತಾನೇ ಆಡಿ ತೀರ್ಮಾನ ಮಾಡಬಲ್ಲದು, ಪಕ್ಕದಲ್ಲಿರುವವರು ಉತ್ತರ ಒದರದಿದ್ದರೆ.

ಗಾಳಿಯ ಕಾರಂಜಿಯ ಮೇಲೆ ತೇಲುವ ಚೆಂಡು ಇನ್ನೊಂದು. ಕೆಳಗಿನಿಂದ ಗಾಳಿ ಊದುತ್ತಿದೆ, ಚೆಂಡು ಮೇಲೆ ನಿಂತಿದೆ, ಇದರಲ್ಲೇನು ವಿಶೇಷ? ಕೊಳವೆಯನ್ನು ಮೆಲ್ಲಗೆ ಓರೆ ಮಾಡಿ. ಚೆಂಡು ಬೀಳಬೇಕಿತ್ತು, ಬೀಳುವುದಿಲ್ಲ. ಬೆರಳಿನಿಂದ ಚೆಂಡನ್ನು ಗಾಳಿಯಿಂದ ಅರ್ಧ ಹೊರಗೆಳೆದು ನೋಡಿ, ವಾಪಸ್ಸು ಎಳೆದುಕೊಳ್ಳುವುದು ಬೆರಳಿಗೇ ಗೊತ್ತಾಗುತ್ತದೆ. ‘ವೇಗದ ಗಾಳಿಯಲ್ಲಿ ಒತ್ತಡ ಕಡಿಮೆ’ ಎಂದು ಒಂದು ಸಾಲಿನಲ್ಲಿ ಮುಗಿಸುವುದು ರೂಢಿ. ನಾನಾದರೆ ಹೀಗೆ ಹೇಳುತ್ತೇನೆ: ಲೋಟದಿಂದ ನೀರು ಬಗ್ಗಿಸುವಾಗ ಅದು ಅಂಚಿಗೆ ಅಂಟಿಕೊಂಡು ಲೋಟದ ಹೊರಮೈ ಮೇಲೇ ಇಳಿದುಬರುವುದಿಲ್ಲವೇ, ಗಾಳಿಯೂ ಹಾಗೇ ಚೆಂಡಿನ ಗುಂಡಗಿನ ಮೈಗೆ ಅಂಟಿ ಬಾಗುತ್ತದೆ. ಚೆಂಡು ಗಾಳಿಯನ್ನು ಒಂದು ಕಡೆ ಬಾಗಿಸಿದರೆ ಗಾಳಿ ಚೆಂಡನ್ನು ಎದುರು ದಿಕ್ಕಿಗೆ ನೂಕುತ್ತದೆ. ಮನೆಯಲ್ಲಿ ಹೇರ್ ಡ್ರೈಯರ್ ಮತ್ತು ಟೇಬಲ್ ಟೆನಿಸ್ ಚೆಂಡು ಇದ್ದರೆ, ತಣ್ಣನೆಯ ಗಾಳಿ ಬಿಟ್ಟು ಇದನ್ನೇ ಮಾಡಬಹುದು.

ತಿರುಗುವ ಪೀಠದ ಮೇಲೆ ಕೂತು ಕೈ ಚಾಚಿದರೆ ನಿಧಾನ, ಮಡಚಿದರೆ ಬಿರುಸು. ಇದನ್ನು ಹೆಚ್ಚು ವಿವರಿಸಬೇಕಿಲ್ಲ, ಇಬ್ಬರು ಕೈಕೈ ಹಿಡಿದು ಗಿರಗಿಟ್ಲೆ ಆಡಿದ ಎಲ್ಲರಿಗೂ ಮೈಯಲ್ಲೇ ಗೊತ್ತಿರುವ ವಿಷಯ. ‘ಕೋನೀಯ ಸಂವೇಗ’ ಎಂಬ ಪಠ್ಯಪುಸ್ತಕದ ಪದ ಆಮೇಲೆ ಬಂದರೂ ಆದೀತು. ಆಡಿದವರಿಗೆ ಆ ಪದವೇ ಹಳೆಯ ನಂಟನಂತೆ ಕಾಣುತ್ತದೆ.

ಪೆಡಲ್ ತುಳಿದು ಬಲ್ಬು ಹತ್ತಿಸುವ ಸೈಕಲ್ ಕಂಡರೆ ಮಕ್ಕಳಿಗಿಂತ ದೊಡ್ಡವರೇ ಹತ್ತಬೇಕೆಂದು ನನ್ನ ಅಭಿಪ್ರಾಯ. ನಮ್ಮಂಥ ಸಾಮಾನ್ಯ ಮೈಕಟ್ಟಿನವರು ದಮ್ಮು ಕಟ್ಟದಂತೆ ಸತತವಾಗಿ ತುಳಿದರೆ ಹೆಚ್ಚೆಂದರೆ 100 ವ್ಯಾಟ್ ಬಂದೀತು. ವಿದ್ಯುತ್ ಬಿಲ್ಲಿನ ಒಂದು ಯೂನಿಟ್ ಎಂದರೆ 1000 ವ್ಯಾಟ್ ಒಂದು ಗಂಟೆ. ಅಂದರೆ ಒಂದೇ ಒಂದು ಯೂನಿಟ್ಟಿಗೆ ಹತ್ತು ಗಂಟೆ ತುಳಿಯಬೇಕು. ಮನೆಯ 2000 ವ್ಯಾಟಿನ ಗೀಸರ್ ಕಾಲು ಗಂಟೆ ಉರಿದರೆ ಅರ್ಧ ಯೂನಿಟ್, ನಿಮ್ಮ ಕಾಲಿನ ಐದು ಗಂಟೆ ದುಡಿಮೆ. ಈ ಲೆಕ್ಕವನ್ನು ಸೈಕಲ್ ಮೇಲೆ ಕೂತು ಏದುಸಿರು ಬಿಡುವಾಗ ಮಾಡಬೇಕು. ಶಿವನಸಮುದ್ರದಲ್ಲಿ ಕಾವೇರಿಯನ್ನು ಧುಮುಕಿಸಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ್ದು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿಸಿದ್ದು ಎಷ್ಟು ದೊಡ್ಡ ಕೆಲಸ ಎಂಬುದು ಆಗ ಮೊಣಕಾಲಿಗೇ ತಿಳಿಯುತ್ತದೆ.

ಎಂಜಿನ್ ಹಾಲ್‌ಗೆ ಮಾತ್ರ ಅಜ್ಜಂದಿರನ್ನು ಕರೆದುಕೊಂಡು ಹೋಗಿ. ಒಮ್ಮೆ ಅಲ್ಲಿ ಸೀಳಿಟ್ಟ ಎಂಜಿನ್ನೊಂದರ ಮುಂದೆ ಮಂಡ್ಯ ಕಡೆಯ ಯಜಮಾನರೊಬ್ಬರು ಮೊಮ್ಮಗನಿಗೆ ಹೇಳುತ್ತಿದ್ದರು: ‘ಲೇ ಮಗಾ, ಇದು ನಮ್ ತೋಟದಾಗಿದ್ದ ಆಯಿಲ್ ಎಂಜಿನ್ನೇ ಕಣ್ಲಾ. ಹೊಟ್ಟೆ ಸೀಳಿ ಮಡಗವ್ರೆ, ಅಷ್ಟೆ. ನೋಡು, ಮೊದ್ಲು ಎಳ್ಕೊತದೆ, ಆಮ್ಯಾಕೆ ಅದುಮ್ತದೆ, ಢಂ ಅಂತದೆ, ಹೊಗೆ ಉಗೀತದೆ.’ ನಾಲ್ಕು ಹೊಡೆತದ ಎಂಜಿನ್ನಿಗೆ ಇದಕ್ಕಿಂತ ಚೊಕ್ಕ ವಿವರಣೆಯನ್ನು ನಾನು ಯಾವ ಫಲಕದಲ್ಲೂ ಓದಿಲ್ಲ. ಪಕ್ಕದಲ್ಲಿದ್ದ ಇಂಗ್ಲಿಷ್ ಶಾಲೆಯ ನಾಲ್ಕು ಮಕ್ಕಳು ಸಾಲು ಬಿಟ್ಟು ಬಂದು ಅವರ ಸುತ್ತ ನಿಂತುಬಿಟ್ಟವು. ಫಲಕಗಳಲ್ಲಿ ಕನ್ನಡವೂ ಇದೆ, ಆದರೆ ಅದು ಪಠ್ಯದ ಕನ್ನಡ. ಅದನ್ನು ಮನೆಯ ಮಾತಿಗೆ ಇಳಿಸುವುದು ಜೊತೆಗೆ ಹೋದವರ ಕೆಲಸ.

ಕೆಲವು ಮಾದರಿಗಳು ಕೆಟ್ಟು ನಿಂತಿರುತ್ತವೆ. ದಿನಕ್ಕೆ ಸಾವಿರಾರು ಕೈ ಜಗ್ಗುವ ಹಿಡಿಕೆ ಕಿತ್ತು ಬರದೆ ಇದ್ದರೇ ಆಶ್ಚರ್ಯ. ಗೊಣಗಿಕೊಂಡು ಮುಂದೆ ಹೋಗುವ ಬದಲು, ‘ಇದು ಎಲ್ಲಿ ಕೆಟ್ಟಿರಬಹುದು?’ ಎಂದು ಮಗುವನ್ನು ಕೇಳಿ. ನಮ್ಮ ಹುಡುಗಿ ಒಂದು ಸಲ ನೆಲಕ್ಕೆ ಬಗ್ಗಿ, ಕಳಚಿಬಿದ್ದ ಬೆಲ್ಟನ್ನು ಪತ್ತೆಮಾಡಿ, ಅಲ್ಲಿನ ಸಿಬ್ಬಂದಿಗೆ ತೋರಿಸಿ ಬಂದಳು. ಇಡೀ ದಿನ ಅದೇ ಬಿಗುಮಾನ.

ಹನ್ನೆರಡು ಸೆಕೆಂಡಿನ ಓಟ

ರೈಟ್ ಸಹೋದರರ ವಿಮಾನದ ನಿಜ ಅಳತೆಯ ಪ್ರತಿಕೃತಿ ಇಲ್ಲಿನ ದೊಡ್ಡ ಆಕರ್ಷಣೆ. ಎಲ್ಲರೂ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ನೀವು ಎರಡು ಅಂಕಿ ನೆನಪಿಟ್ಟುಕೊಳ್ಳಿ. 1903ರ ಡಿಸೆಂಬರ್ 17ರ ಮೊದಲ ಹಾರಾಟ ನಡೆದದ್ದು 12 ಸೆಕೆಂಡು, ಸಾಗಿದ್ದು 120 ಅಡಿ, ಅಂದರೆ ಸುಮಾರು 36 ಮೀಟರ್.

ಹೊರಗೆ ಬಂದು ಕಬ್ಬನ್ ಪಾರ್ಕಿನಲ್ಲಿ 36 ದೊಡ್ಡ ಹೆಜ್ಜೆ ಅಳೆದು ಎರಡು ತುದಿಗೆ ಎರಡು ಚಪ್ಪಲಿ ಇಡಿ. ಮಕ್ಕಳನ್ನು ಓಡಿಸಿ, ಮೊಬೈಲಿನಲ್ಲಿ ಸೆಕೆಂಡು ಎಣಿಸಿ. ಎಂಟು ವರ್ಷದ ಮಗು ಕೂಡ ಹನ್ನೆರಡು ಸೆಕೆಂಡಿಗೆ ಮುಂಚೆಯೇ ತಲುಪಿಬಿಡುತ್ತದೆ. ಮನುಷ್ಯ ಹಾರಿದ ಮೊದಲ ವಿಮಾನವನ್ನು ಮೂರನೇ ಕ್ಲಾಸಿನ ಹುಡುಗಿ ಓಡಿ ಸೋಲಿಸಿದಳು! ಹಾಗಾದರೆ ಅದು ಹಾರಿದ್ದಾದರೂ ಹೇಗೆ? ಅಂದು ಕಿಟಿ ಹಾಕ್‌ನ ಮರಳ ದಂಡೆಯಲ್ಲಿ ಎದುರುಗಾಳಿ ಜೋರಾಗಿ ಬೀಸುತ್ತಿತ್ತು. ನೆಲದ ಲೆಕ್ಕದಲ್ಲಿ ವಿಮಾನ ಮೆಲ್ಲಗಿತ್ತು, ಗಾಳಿಯ ಲೆಕ್ಕದಲ್ಲಿ ವೇಗವಾಗಿತ್ತು. ರೆಕ್ಕೆಗೆ ಬೇಕಿದ್ದದ್ದು ಗಾಳಿಯ ಲೆಕ್ಕ. ಗಾಳಿಪಟ ಹಿಡಿದು ಗಾಳಿಗೆ ಎದುರಾಗಿ ಓಡುವ ಹುಡುಗರಿಗೆ ಇದನ್ನು ಎರಡನೇ ಸಲ ಹೇಳಬೇಕಾಗುವುದಿಲ್ಲ.

ಸಂಗ್ರಹಾಲಯದ ಅಂಗಳದಲ್ಲಿ ನಿಂತ ಮಾರುತ್ ಯುದ್ಧವಿಮಾನವನ್ನೂ ತಪ್ಪಿಸಿಕೊಳ್ಳಬೇಡಿ. ಇದೇ ಬೆಂಗಳೂರಿನ ಎಚ್‌.ಎ.ಎಲ್‌.ನಲ್ಲಿ, ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ರೂಪುಗೊಂಡು 1961ರ ಜೂನ್‌ನಲ್ಲಿ ಮೊದಲು ಹಾರಿದ ಮಾದರಿ ಅದು. ಅದರದೇ ಇನ್ನೊಂದು ಒಡಹುಟ್ಟು ಡಾಯ್ಚಸ್ ಮ್ಯೂಸಿಯಂನ ವಿಮಾನ ವಿಭಾಗದಲ್ಲಿ, ಮ್ಯೂನಿಕ್ ಬಳಿ ನಿಂತಿದೆ. ರೈಟ್ ವಿಮಾನಕ್ಕೂ ಇದಕ್ಕೂ ನಡುವೆ 58 ವರ್ಷ. ಅಜ್ಜನ ವಯಸ್ಸಿಗಿಂತ ಕಡಿಮೆ ಎಂದು ಮಕ್ಕಳಿಗೆ ಹೇಳಿ ನೋಡಿ.

ಪಕ್ಕದಲ್ಲೇ ಹಳೆಯ ಸರ್ಕಾರಿ ವಸ್ತುಸಂಗ್ರಹಾಲಯದ ಕೆಂಪು ಕಟ್ಟಡ. ಅದರ ಸಂಗ್ರಹದಲ್ಲಿ ಹತ್ತನೇ ಶತಮಾನದ ಆತಕೂರು ಶಾಸನವಿದೆ, ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು. ಬಾಗಿಲು ತೆರೆದಿದೆಯೇ ಎಂದು ಮೊದಲೇ ಕೇಳಿಕೊಂಡು ಹೋಗಿ. ಅಲ್ಲಿ ಮಾತ್ರ ಕೈ ಬೆನ್ನ ಹಿಂದೆ. ಒಂದು ಗೋಡೆಯ ಆಚೆ ಮುಟ್ಟು, ಈಚೆ ಮುಟ್ಟಬೇಡ ಎಂಬುದು ಮಕ್ಕಳಿಗೆ ಗೊಂದಲವೇ. ಕಾರಣ ಕೇಳಿದರೆ ಹೇಳಿ: ಅಲ್ಲಿಯ ಚೆಂಡು ಒಡೆದರೆ ಇನ್ನೊಂದು ತರಬಹುದು, ಕಾಳಿಯ ಕಲ್ಲು ಒಂದೇ ಇರುವುದು.

ಮೇಷ್ಟ್ರುಗಳಿಗೆ ಎರಡು ಮಾತು

ನಲವತ್ತು ಮಕ್ಕಳನ್ನು ಒಂದೇ ಸಾಲಿನಲ್ಲಿ ನಡೆಸಿದರೆ ಮೊದಲ ಐವರು ಮುಟ್ಟುತ್ತಾರೆ, ನಡುವಿನವರು ಇಣುಕುತ್ತಾರೆ, ಕೊನೆಯವರು ಮುಂದಿನವರ ಬೆನ್ನು ನೋಡಿಕೊಂಡು ಬರುತ್ತಾರೆ. ಐದೈದು ಮಕ್ಕಳ ಎಂಟು ಗುಂಪು ಮಾಡಿ. ಸಾಧ್ಯವಾದರೆ ಪ್ರವಾಸಕ್ಕೆ ಮೊದಲು ನಿಮ್ಮಲ್ಲೊಬ್ಬರು ಹೋಗಿ ನೋಡಿಕೊಂಡು ಬಂದು, ಒಂದೊಂದು ಗುಂಪಿಗೆ ಮೂರೇ ಮಾದರಿಗಳನ್ನು ಹಂಚಿ. ಆ ಮೂರಕ್ಕೆ ಅವರೇ ಯಜಮಾನರು. ಮೊದಲ ಮುಕ್ಕಾಲು ಗಂಟೆ ಅಲ್ಲೇ ಇದ್ದು ಆಡಿ, ಕೆದಕಿ, ಸಿಬ್ಬಂದಿಯನ್ನು ಕೇಳಿ ತಿಳಿದುಕೊಳ್ಳಲಿ. ಆಮೇಲೆ ಉಳಿದ ಗುಂಪುಗಳು ಬಂದಾಗ ಇವರೇ ತೋರಿಸಲಿ. ತರಗತಿಯಲ್ಲಿ ಬಾಯಿಬಿಡದ ಹುಡುಗ ಇಲ್ಲಿ ಗಂಟಲು ಹರಿಯುವಂತೆ ವಿವರಿಸುವುದನ್ನು ಕಾಣುತ್ತೀರಿ. ಸೈಕಲ್ ಅಂಗಡಿಯ ಮಗನಿಗೆ ಗೇರಿನ ಮಾದರಿ ಸಿಕ್ಕರಂತೂ ಕೇಳುವುದೇ ಬೇಡ.

ಪ್ರಬಂಧ ಬರೆಸಬೇಡಿ, ದಯವಿಟ್ಟು. ಬರೆಸಲೇಬೇಕಿದ್ದರೆ ‘ನಾನು ಅಂದುಕೊಂಡದ್ದು, ಆದದ್ದು’ ಎಂದು ಎರಡು ಕಾಲಂ ಹಾಕಿಸಿ, ಅರ್ಧ ಪುಟ ಸಾಕು. ಬನ್ನೇರುಘಟ್ಟವನ್ನು ಬೇರೆ ದಿನಕ್ಕೆ ಹಾಕಲು ಆಗದಿದ್ದರೆ ಸಂಗ್ರಹಾಲಯದ ಎರಡು ಗ್ಯಾಲರಿಗಳನ್ನಷ್ಟೇ ನೋಡಿ. ಹುಲಿಯ ಜೊತೆ ವಿಜ್ಞಾನ ಪೈಪೋಟಿಗೆ ನಿಲ್ಲಲಾರದು.

ಬೆಂಗಳೂರಿಗೆ ಬರಲಾಗದವರು

ಕೋಲ್ಕತ್ತದ ಸಂಗ್ರಹಾಲಯ 1965ರಲ್ಲೇ ಮಾದರಿಗಳನ್ನು ಬಸ್ಸಿಗೆ ಹೇರಿ ಹಳ್ಳಿಗಳಿಗೆ ಕಳಿಸತೊಡಗಿತ್ತು. ವಿಶ್ವೇಶ್ವರಯ್ಯ ಸಂಗ್ರಹಾಲಯದ ಸಂಚಾರಿ ವಿಜ್ಞಾನ ಪ್ರದರ್ಶನದ ಬಸ್ಸುಗಳೂ ಹಾಗೇ ಊರೂರು ತಿರುಗುತ್ತವೆ. ಒಂದು ವಿಷಯದ ಮೇಲೆ ಸುಮಾರು ಇಪ್ಪತ್ತು ಮಾದರಿಗಳು, ಜೊತೆಗೆ ವಿವರಿಸುವವರು. ರಾತ್ರಿ ದೂರದರ್ಶಕದಲ್ಲಿ ಚಂದ್ರನನ್ನು ತೋರಿಸುವುದೂ ಉಂಟು. ನಿಮ್ಮ ಶಾಲೆಗೆ ಬೇಕಿದ್ದರೆ ಮುಖ್ಯೋಪಾಧ್ಯಾಯರ ಪತ್ರದೊಂದಿಗೆ ಸಂಗ್ರಹಾಲಯಕ್ಕೆ ಬರೆಯಿರಿ, ಸುತ್ತಲಿನ ನಾಲ್ಕೈದು ಶಾಲೆಗಳನ್ನು ಸೇರಿಸಿಕೊಂಡು ಕೇಳಿದರೆ ಅವರಿಗೂ ಅನುಕೂಲ. ಬಸ್ಸು ಬಂದ ದಿನ ಊರಿನ ದೊಡ್ಡವರನ್ನೂ ಕರೆಯಿರಿ. ಇದು ಮಕ್ಕಳದ್ದು ಎಂದುಕೊಂಡು ದೂರ ನಿಲ್ಲುವ ಹೆಂಗಸರು ಒಮ್ಮೆ ಹತ್ತಿರ ಬಂದರೆ, ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಅವರದ್ದೇ.

ಕಲಬುರಗಿಯಲ್ಲಿ 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರವಿದೆ, ಇದೇ ಸಂಗ್ರಹಾಲಯದ ಬಳ್ಳಿ. ಧಾರವಾಡದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರ, ಮಂಗಳೂರಿನ ಪಿಲಿಕುಳದಲ್ಲಿ ವಿಜ್ಞಾನ ಕೇಂದ್ರದ ಜೊತೆಗೆ 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯ. ಬೆಂಗಳೂರಿನಲ್ಲೇ ಜವಾಹರಲಾಲ್ ನೆಹರು ತಾರಾಲಯದ ಅಂಗಳದ ವಿಜ್ಞಾನ ಉದ್ಯಾನ ಇನ್ನೊಂದು ಬಿಡುವಿನ ಜಾಗ. ಮುಂಬೈಯಲ್ಲಿರುವ ಕನ್ನಡಿಗರಿಗೆ ವರ್ಲಿಯ ನೆಹರು ವಿಜ್ಞಾನ ಕೇಂದ್ರ. ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗುವ ಅಜ್ಜಿ-ತಾತಂದಿರು ಮಾಲ್ ಸುತ್ತುವುದರಲ್ಲಿ ಒಂದು ದಿನ ಕಡಿಮೆ ಮಾಡಿ, ಈಗ ಸ್ಯಾನ್ ಫ್ರಾನ್ಸಿಸ್ಕೊ ಬಂದರಿನ ಹದಿನೈದನೇ ಕಟ್ಟೆಯಲ್ಲಿರುವ ಆಪನ್‌ಹೈಮರನ ಮನೆಗೆ ಹೋಗಿಬನ್ನಿ.

ಮನೆಗೆ ಬಂದ ಮೇಲೆ

ಪುಟ್ಟ ಪುಸ್ತಕದ ಪ್ರಶ್ನೆಗಳಲ್ಲಿ ಒಂದನ್ನು ಆ ವಾರವೇ ಕೈಗೆತ್ತಿಕೊಳ್ಳಿ. ಕೈ ಬ್ಯಾಟರಿ ಇಷ್ಟವಾಗಿದ್ದರೆ ನಿಂಬೆಹಣ್ಣು, ತಾಮ್ರದ ತಂತಿ, ಸತುವು ಲೇಪಿಸಿದ ಮೊಳೆ ಸಾಕು. ಒಂದು ಹಣ್ಣಿನಿಂದ ಸುಮಾರು ಒಂದು ವೋಲ್ಟ್ ಬರುತ್ತದೆ. ಮೂರು ನಾಲ್ಕು ಹಣ್ಣನ್ನು ಸರಣಿಯಲ್ಲಿ ಜೋಡಿಸಿದರೆ ಕತ್ತಲೆಯಲ್ಲಿ ಕೆಂಪು ಎಲ್‌.ಇ.ಡಿ. ಮಿಣುಕ್ಕೆನ್ನುತ್ತದೆ. ಪ್ರಯೋಗಕ್ಕೆ ಬಳಸಿದ ಹಣ್ಣನ್ನು ಚಿತ್ರಾನ್ನಕ್ಕೆ ಹಿಂಡಬೇಡಿ.

ನಮ್ಮ ಹುಡುಗಿಗೆ ಹಿಡಿದದ್ದು ಬೇರೆಯದೇ. ತಾಮ್ರದ ಕೊಳವೆಯೊಳಗೆ ಬಿಟ್ಟ ಆಯಸ್ಕಾಂತ ಧಡಕ್ಕನೆ ಬೀಳದೆ ಮೆಲ್ಲಗೆ ಇಳಿಯುತ್ತದೆ. ತಾಮ್ರಕ್ಕೆ ಆಯಸ್ಕಾಂತ ಅಂಟುವುದೇ ಇಲ್ಲ, ಹಾಗಾದರೆ ತಡೆಯುವವರು ಯಾರು? ಬೀಳುವ ಆಯಸ್ಕಾಂತ ಕೊಳವೆಯ ಗೋಡೆಯಲ್ಲಿ ಸುಳಿ ಸುಳಿಯಾಗಿ ವಿದ್ಯುತ್ ಹುಟ್ಟಿಸುತ್ತದೆ, ಆ ಸುಳಿಗಳು ತಾವೂ ಆಯಸ್ಕಾಂತದಂತೆ ವರ್ತಿಸಿ ಅದರ ಬೀಳುವಿಕೆಗೇ ಅಡ್ಡ ಬರುತ್ತವೆ. ಮನೆ ಮುಂದಿನ ಹಳೆಯ ಕರೆಂಟ್ ಮೀಟರಿನಲ್ಲಿ ಅಲ್ಯೂಮಿನಿಯಂ ತಟ್ಟೆ ತಿರುಗುತ್ತಿದ್ದದ್ದೂ ಈ ಸುಳಿಗಳಿಂದ, ಅಡುಗೆಮನೆಯ ಇಂಡಕ್ಷನ್ ಒಲೆಯಲ್ಲಿ ಪಾತ್ರೆ ಕಾಯುವುದೂ ಈ ಸುಳಿಗಳಿಂದ.

‘ಚಿಕ್ಕಿ, ನಮಗೂ ಒಂದು ಪೈಪ್ ಬೇಕು’ ಎಂದು ಜೀವ ತಿಂದಳು. ಎಸ್.ಪಿ. ರೋಡಿನಲ್ಲಿ ಗುಂಡಿಯಂಥ ಸಣ್ಣ, ಬಲವಾದ ಆಯಸ್ಕಾಂತ ಸಿಕ್ಕಿತು. (ಇವನ್ನು ಚಿಕ್ಕಮಕ್ಕಳ ಕೈಗೆ ಸಿಗದಂತೆ ಇಡಿ. ಎರಡು ನುಂಗಿಬಿಟ್ಟರೆ ಕರುಳನ್ನು ನಡುವೆ ಹಿಡಿದು ಅಂಟಿಕೊಳ್ಳುತ್ತವೆ, ಪ್ರಾಣಾಪಾಯ.) ಪೈಪಿಗೆ ನಮ್ಮ ಬೀದಿಯ ಎ.ಸಿ. ರಿಪೇರಿ ಅಂಗಡಿಗೆ ಹೋದೆವು. ಆತ ಅರ್ಧ ಇಂಚಿನ ತಾಮ್ರದ ಪೈಪಿನ ಒಂದಡಿ ತುಂಡು ಕತ್ತರಿಸಿ ಕೊಟ್ಟು, ‘ಏನಕ್ಕಮ್ಮ ಇದು?’ ಎಂದ. ಹುಡುಗಿ ಮೊದಲು ಒಂದು ಕಬ್ಬಿಣದ ಬೋಲ್ಟನ್ನು ಒಳಗೆ ಬಿಟ್ಟಳು. ಟಣ್ ಎಂದು ನೆಲಕ್ಕೆ ಬಿತ್ತು. ಆಮೇಲೆ ಆಯಸ್ಕಾಂತ ಬಿಟ್ಟಳು. ಒಂದು, ಎರಡು ಎಣಿಸುವಷ್ಟು ಹೊತ್ತಿನ ಮೇಲೆ ಅದು ಮೆಲ್ಲನೆ ಹೊರಗೆ ಬಂತು.

ಇಪ್ಪತ್ತು ವರ್ಷದಿಂದ ದಿನವೂ ಆ ಪೈಪು ಕತ್ತರಿಸುತ್ತಿರುವ ಮನುಷ್ಯ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಆಯಸ್ಕಾಂತ ಇಸಿದುಕೊಂಡು, ತಾನೇ ಬಿಟ್ಟು ನೋಡಿದ. ಮತ್ತೆ ಬಿಟ್ಟ. ಪೈಪನ್ನು ಕಣ್ಣಿಗೆ ಹಿಡಿದು ಒಳಗೆ ಇಣುಕಿದ. ಆಮೇಲೆ ಅಂಗಡಿಯ ಹಿಂದೆ ಹೋಗಿ, ಗುಜರಿ ರಾಶಿಯಿಂದ ಒಂದು ಅಲ್ಯೂಮಿನಿಯಂ ಪೈಪು, ಒಂದು ಪ್ಲಾಸ್ಟಿಕ್ ಪೈಪು ಹುಡುಕಿ ತಂದ.

‘ಇದರಲ್ಲಿ ಏನಾಗ್ತದೆ ಹೇಳು ನೋಡೋಣ’ ಎಂದ, ಹುಡುಗಿಗೆ.